ಬಂಗು, ಬಿಸಿಲು ಮತ್ತು ಎಡಗಡೆಯ ಸೀಟು

ಹಳ್ಳಿ ಬಸ್ಸಿನ ಕಂಡಕ್ಟರ್ ಆದವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವು ತಾವಾಗಿಯೇ ದಾರಿಯಲ್ಲಿ ನಿಂತು ಕೈ ಮಾಡಿ, ಬಸ್ಸು ನಿಲ್ಲಿಸಿ, ಹತ್ತಿ, ಸೀಟಿಲ್ಲವೆಂದು ನನ್ನ ಜೊತೆಗೇ ಜಗಳಕ್ಕೆ ನಿಲ್ಲುತ್ತವೆ. ನಾನು ನವಲಗುಂದ ಮತ್ತು ಅಣ್ಣಿಗೇರಿ ನಡುವೆ ಟಿಕೆಟ್ ಕೊಡುತ್ತ ಓಡಾಡುವವಳು. ಹೋದ ಬೇಸಿಗೆಯಲ್ಲಿ ನಾನು ಬಸುರಿಯಾಗಿದ್ದಾಗ ಇಂಥ ಸಂಗತಿಗಳು ಗುಂಪು ಗುಂಪಾಗಿ ಹತ್ತಿದವು, ಹತ್ತಿದ್ದಷ್ಟೇ ಅಲ್ಲ, ನೇರವಾಗಿ ನನ್ನ ಮುಖದ ಮೇಲೆಯೇ ಬಂದು ಕೂತವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂದು ಕಡೆ ಕೂಡುವ ಸ್ವಭಾವವಿಲ್ಲ. ಕೂತರೆ ಕಾಲು ಅಲುಗಾಡುತ್ತದೆ, ನಿಂತರೆ ಕೈ ಏನನ್ನಾದರೂ ತಿರುವುತ್ತಿರುತ್ತದೆ. ರಜೆ ಇದ್ದ ದಿನ ಮಧ್ಯಾಹ್ನದೊಳಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿರುತ್ತೇನೆ, ಸಂಜೆ ಅತ್ತೆ ಒಗ್ಗರಣೆಗೆ ಎಣ್ಣೆ ಕಾಯಿಸಿಟ್ಟು ಸಾಸಿವೆ ಹುಡುಕುತ್ತಿರುತ್ತಾರೆ. ಇಂಥವಳಿಗೆ ಬಸ್ಸಿನ ಕೆಲಸ ಸಿಕ್ಕಿದ್ದು ನನ್ನ ಪುಣ್ಯ, ಅತ್ತೆಯದೂ ಪುಣ್ಯ. ಏಳು ತಿಂಗಳು ತುಂಬುವ ತನಕ ಬಸ್ಸಿನ ಮೇಲೆ ಹೋಗಬಹುದು, ಆಮೇಲೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಎಂದು ಡಾಕ್ಟರಮ್ಮನೂ ಒಪ್ಪಿದ್ದರು, ಡಿಪೋದವರೂ ಒಪ್ಪಿದ್ದರು. ಒಪ್ಪದೆ ಅಡ್ಡ ನಿಂತದ್ದು ನನ್ನ ಎಡಗಲ್ಲ.

೧. ಮಸಿ

ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ನನಗೆ ಐದನೆಯ ತಿಂಗಳು. ಬೆಳಗಿನ ಬಸ್ಸಿನಲ್ಲಿ ಒಬ್ಬ ಅಜ್ಜಿಗೆ ಟಿಕೆಟ್ ಕೊಡಲು ಬಗ್ಗಿದೆ. ಅಜ್ಜಿ ಟಿಕೆಟ್ ತೆಗೆದುಕೊಳ್ಳಲಿಲ್ಲ, ನನ್ನ ಗದ್ದ ಹಿಡಿದುಕೊಂಡಳು.

"ಮಾರಿಗೆ ಮಸಿ ಹತ್ತೈತಲ್ಲವಾ ತಂಗಿ. ಒರಸ್ಕೋಬಾರದ?"

"ಗಾಡಿ ಹೊಗಿ ಇರಬೇಕು ಬಿಡು ಆಯಿ," ಎಂದೆ ನಾನು.

ಬಿಡುವ ಜಾತಿಯಲ್ಲ ಆ ಅಜ್ಜಿ. ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ನನ್ನ ಎಡಗಲ್ಲವನ್ನು ತಿಕ್ಕತೊಡಗಿದಳು. ಬಸ್ಸು ಕುಲುಕಾಡುತ್ತಿತ್ತು, ಒಂದು ಕೈಯಲ್ಲಿ ಟಿಕೆಟ್ ಮಷಿನ್ನು, ಇನ್ನೊಂದು ಕೈಯಲ್ಲಿ ಸೀಟಿನ ಕಂಬಿ, ತಪ್ಪಿಸಿಕೊಳ್ಳಲು ನನಗೆ ಮೂರನೆಯ ಕೈ ಇರಲಿಲ್ಲ. ಪಕ್ಕದ ಹೆಣ್ಣುಮಗಳು ತನ್ನ ಬಾಟಲಿಯಿಂದ ಒಂದಿಷ್ಟು ನೀರು ಹಾಕಿ ನೆರವಾದಳು. ಹಿಂದಿನ ಸೀಟಿನವಳು ಎದ್ದು ಬಂದು, "ಹಂಗಲ್ಲ, ದುಂಡಗ ತಿಕ್ಕಬೇಕು" ಎಂದು ಹೇಳಿಕೊಟ್ಟಳು.

ಬಹಳ ಹೊತ್ತು ತಿಕ್ಕಿದ ಮೇಲೆ ಅಜ್ಜಿ ಸೆರಗನ್ನು ನೋಡಿದಳು. ಸೆರಗು ಬೆಳ್ಳಗೇ ಇತ್ತು. ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ನನ್ನ ಗದ್ದವನ್ನು ಜೋಪಾನವಾಗಿ ನನಗೇ ವಾಪಸು ಕೊಟ್ಟಳು.

"ಇದು ಗಾಡೀದಲ್ಲವಾ," ಎಂದಳು, "ನಿಂದ ಐತಿ."

೨. ಮೊದಲಿನ ಮುಖ

ಬಸುರಿನಲ್ಲಿ ಮುಖದ ಮೇಲೆ ಹೀಗೆ ಕಂದು ಕಲೆ ಏಳುವುದಕ್ಕೆ ನಮ್ಮ ಕಡೆ ಬಂಗು ಎನ್ನುತ್ತಾರೆ. ಅಂದು ಸಂಜೆ ಮನೆಗೆ ಹೋಗುವಷ್ಟರಲ್ಲಿ ಆ ಸುದ್ದಿ ನನಗಿಂತ ಮುಂದಿನ ಬಸ್ಸು ಹಿಡಿದು ಅತ್ತೆಯನ್ನು ಮುಟ್ಟಿತ್ತು.

ಅತ್ತೆ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮುಖ ತಿರುಗಿಸಿ ತಿರುಗಿಸಿ ನೋಡಿದರು. ಬಲಗಲ್ಲದ ಮೇಲೆ ತುಸು ನೆರಳಿನಷ್ಟು, ಎಡಗಲ್ಲದ ಮೇಲೆ ಅಂಗೈಯಗಲ.

"ಏಳನೇ ತಿಂಗಳದಾಗ ಕುಬಸದ ಕಾರ್ಯ ಮಾಡಬೇಕು. ನಿಮ್ಮ ತವರುಮನಿಯವ್ರು ಉಡಿ ತುಂಬಾಕ ಬರ್ತಾರ. ಬಸರ್ಯಾಕಿನ್ನ ಬಿಸಲಾಗ ತಿರಗಿಸಿ ಮಾರಿ ಸುಟ್ಟಾರ ಅಂತ ನಾಕ ಮಂದ್ಯಾಗ ಅಂದ್ರ ನಾ ಎಲ್ಲಿ ಮಾರಿ ಇಟ್ಕೊಳ್ಳಿ? ಇದು ಇನ್ನೊಂದೀಟು ಹರಡಿತಂದ್ರ ಡ್ಯೂಟಿ ಸಾಕು. ಮನ್ಯಾಗ ಕುಂದ್ರು."

ಮನೆಯಲ್ಲಿ ಕೂಡುವುದು! ನನಗೆ ಹೆರಿಗೆಯ ಭಯ ಇರಲಿಲ್ಲ, ಸೂಜಿಯ ಭಯ ಇರಲಿಲ್ಲ, ಈ ಮಾತಿಗೆ ಮಾತ್ರ ಹೆದರಿದೆ. ಎರಡು ತಿಂಗಳು ನಾಲ್ಕು ಗೋಡೆಯ ನಡುವೆ ಅತ್ತೆಯೂ ನಾನೂ ಮಸಾಲೆ ಡಬ್ಬಿಗಳೂ. ಮೂವರಲ್ಲಿ ಯಾರಾದರೊಬ್ಬರು ಒಡೆಯುವುದು ಖಂಡಿತ. ಇನ್ನು ಮೇಲೆ ಈ ಕಲೆ ಹರಡದಂತೆ ಕಾಯಬೇಕು, ಕಾದರೆ ಬಸ್ಸು, ಕಾಯದಿದ್ದರೆ ಮನೆ.

ಅಷ್ಟರಲ್ಲಿ ಗಂಡ ಬಂದರು. ಅವರು ಟ್ರ್ಯಾಕ್ಟರ್ ರಿಪೇರಿ ಮಾಡುವವರು, ಎಂಜಿನ್ನಿನ ಸದ್ದು ಕೇಳಿಯೇ ಯಾವ ಭಾಗ ಕೆಟ್ಟಿದೆ ಎನ್ನುತ್ತಾರೆ. ಅತ್ತೆ ಅವರನ್ನೇ ಸಾಕ್ಷಿಗೆ ಕರೆದರು. "ಬಾ ಇಲ್ಲೆ. ಹೇಣ್ತಿ ಮಾರಿ ಸರಿಯಾಗಿ ನೋಡಿ ಹೇಳು, ಏನರ ಫರಕ ಆಗೈತೇನು?"

ಅವರು ಚಪ್ಪಲಿ ಬಿಟ್ಟು, ಕೈ ಒರೆಸಿಕೊಂಡು, ಹತ್ತಿರ ಬಂದು ಬಗ್ಗಿ ನೋಡಿದರು. ನೋಡಿ, ಬಹಳ ಯೋಚಿಸಿ, "ಮೊದ್ಲಿಂದೂ ಹಿಂಗ ಇತ್ತಲ್ಲ?" ಎಂದರು.

ಮದುವೆಯಾದ ಮೇಲೆ ಅತ್ತೆಯೂ ನಾನೂ ಒಂದೇ ಕಡೆ ನಿಂತು ಜಗಳ ಮಾಡಿದ್ದು ಅದೇ ಮೊದಲು.

೩. ಬೆವೆತರೂ ಹೋಗದ ಭಸ್ಮ

ಮರುದಿನ ದವಾಖಾನೆಗೆ ಹೋದೆ. ಡಾಕ್ಟರಮ್ಮ ನೋಡಿ ನಕ್ಕರು. "ಇದು ರೋಗ ಅಲ್ಲರಿ. ಬಸರಾಗ ಮೈಯೊಳಗ ಆಗೂ ಬದಲಾವಣಿಗೆ ಹಿಂಗ ಬಣ್ಣ ಏರತೈತಿ, ಬಿಸಲು ಬಿದ್ರ ಇನ್ನೂ ಗಟ್ಟಿ ಆಗತೈತಿ. ಹೆರಿಗಿ ಆದಮ್ಯಾಲ ಬಾಳ ಮಂದಿಗೆ ತಾನ ತಿಳಿ ಆಗತೈತಿ. ಬಿಸಲಿನ ಕ್ರೀಮ್ ಬರದು ಕೊಡ್ತೀನಿ, ಎರಡ ತಾಸಿಗೊಮ್ಮೆ ಹಚ್ಚರಿ. ಮಾರಿ ಮುಚ್ಚಕೋರಿ. ನೆರಳಿನ ಕಡೆ ಕುಂದರ್ರಿ. ಬೆಳ್ಳಗ ಮಾಡ್ತೀವಂತ ಅಂಗಡ್ಯಾಗ ಮಾರೂ ಕ್ರೀಮ್ ಮಾತ್ರ ಮುಟ್ಟಬ್ಯಾಡ್ರಿ."

ಕ್ರೀಮು, ಮುಚ್ಚಿಗೆ, ನೆರಳು. ಕೇಳುವುದಕ್ಕೆ ಎಷ್ಟು ಸುಲಭ!

ಕ್ರೀಮು ಸುಣ್ಣದ ಹಾಗೆ ಬೆಳ್ಳಗಿತ್ತು. ನಿಧಾನವಾಗಿ ಸವರಿ ಚರ್ಮದಲ್ಲಿ ಸೇರಿಸಬೇಕಂತೆ. ನಿಧಾನ ಎಂಬುದು ನನ್ನ ಜಾತಕದಲ್ಲೇ ಇಲ್ಲ. ಬಸ್ಸು ಹೊರಡುವ ಹೊತ್ತಿಗೆ ಕನ್ನಡಿಯಿಲ್ಲದೆ, ನಡೆಯುತ್ತಲೇ, ಮೂರು ಬೆರಳಿಗೆ ತೆಗೆದುಕೊಂಡು ಹಣೆಯ ಮೇಲೊಮ್ಮೆ, ಗಲ್ಲಗಳ ಮೇಲೊಮ್ಮೆ ಎಳೆದುಕೊಂಡೆ. ಮೇಲೆ ಹತ್ತಿ ಟಿಕೆಟ್ ಕೊಡತೊಡಗಿದೆ. ಡ್ರೈವರ್ ಕಾಕಾ ಕನ್ನಡಿಯಲ್ಲಿ ನನ್ನನ್ನು ಎರಡು ಸಲ ನೋಡಿದರು, ಏನೂ ಅನ್ನಲಿಲ್ಲ. ಅವರು ನಿವೃತ್ತಿಗೆ ಹತ್ತಿರವಾದವರು, ಯಾವುದಕ್ಕೂ ಏನೂ ಅನ್ನುವುದಿಲ್ಲ.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಒಬ್ಬ ಹಿರಿಯರು ಹತ್ತಿದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ನೆಟ್ಟಗಿನ ಮನುಷ್ಯ. ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದರು. ಕಡೆಗೆ ಕೈಸನ್ನೆ ಮಾಡಿ ಕರೆದರು.

"ತಂಗಿ, ತಪ್ಪ ತಿಳೀಬ್ಯಾಡ. ಇದು ಯಾವ ಮಠದ್ದು?"

"ಯಾವುದ್ರಿ ಅಜ್ಜಾರ?"

"ನಿನ್ನ ಹಣೀ ಮ್ಯಾಲಿಂದು. ಮುಂಜಾನೆ ನೋಡಿದ್ದೆ, ಈಗೂ ನೋಡಾಕತ್ತೀನಿ. ಇಷ್ಟ ಬೆವತೀದಿ, ಒಂದ ಗೆರಿ ಹೋಗಿಲ್ಲ. ನಂದು ಅರ್ಧ ದಾರ್ಯಾಗ ಅಳಿಸಿ ಹೋಕ್ಕೈತಿ, ಊರಿಗೆ ಹೋಗಿ ಮತ್ತ ಧರಿಸಬೇಕು."

ಮಠದ್ದಲ್ಲ, ಮೆಡಿಕಲ್ ಅಂಗಡಿಯದು, ಬಿಸಿಲಿಗೆ ಹಚ್ಚುವುದು ಎಂದು ಬಿಡಿಸಿ ಹೇಳಿದೆ. ಹಿರಿಯರು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ಬಾಗಿ, ಪಕ್ಕದವರಿಗೆ ಕೇಳಿಸದ ಹಾಗೆ, "ಅದಕ್ಕೊಂದೀಟು ನಮ್ಮ ಭಸ್ಮ ಕಲಸಿದ್ರ ನಡೀತೈತೇನು?" ಎಂದರು.

೪. ಸೀಟಿ

ಕ್ರೀಮಿನ ಮೇಲೆ ಮುಚ್ಚಿಗೆಯೂ ಬೇಕಿತ್ತಲ್ಲ, ದೊಡ್ಡದೊಂದು ಹೂವಿನ ದುಪಟ್ಟಾ ತಂದೆ. ತಲೆಯಿಂದ ಸುತ್ತಿ, ಮೂಗಿನ ಮೇಲೆ ಎಳೆದು, ಕತ್ತಿನ ಹಿಂದೆ ಗಂಟು ಹಾಕಿ, ಉಳಿದದ್ದನ್ನು ಹೆಗಲ ಮೇಲೆ ಹೊದ್ದುಕೊಂಡೆ. ಕಾಣುವುದು ಎರಡು ಕಣ್ಣು ಮಾತ್ರ. ಬಿಸಿಲಿಗೆ ನನ್ನ ಗುರುತು ಸಿಗಲಿಲ್ಲ ನಿಜ. ಯಾರಿಗೂ ಸಿಗಲಿಲ್ಲ ಎಂಬುದೇ ತೊಂದರೆಯಾಯಿತು.

ಒಬ್ಬ ರೈತರು, "ಮೊದ್ಲ ಮಾರಿ ತೋರಸು, ಆಮ್ಯಾಲ ರೊಕ್ಕ" ಎಂದು ಹಟ ಹಿಡಿದರು. ಅದಕ್ಕಾದರೂ ಗಂಟು ಸಡಿಲಿಸಿ ತೋರಿಸಿದೆ. ಸೀಟಿಯದು ಬೇರೆಯೇ ಫಜೀತಿ. ಸೀಟಿಯನ್ನು ದುಪಟ್ಟಾದ ಒಳಗೇ ಬಾಯಲ್ಲಿ ಇಟ್ಟುಕೊಂಡಿದ್ದೆ. ಊದಿದರೆ ಬಟ್ಟೆ ಉಬ್ಬುತ್ತಿತ್ತೇ ಹೊರತು ಸದ್ದು ಹೊರಗೆ ಬರುತ್ತಿರಲಿಲ್ಲ. ಡ್ರೈವರ್ ಕಾಕಾ ಸೀಟಿ ಕೇಳದೆ ಗಾಡಿ ಬಿಡುವವರಲ್ಲ. ಮೊದಲ ಸ್ಟಾಪಿನಲ್ಲಿ ನಾನು ಊದುತ್ತಲೇ ಇದ್ದೆ, ಅವರು ಕಾಯುತ್ತಲೇ ಇದ್ದರು. ಜನ ನೋಡಿ ನೋಡಿ ಬೇಸತ್ತು ತಾವೇ ಬಾಯಿಗೆ ಬೆರಳಿಟ್ಟು ಸೀಟಿ ಹೊಡೆಯತೊಡಗಿದರು. ಅದೇ ರೂಢಿಯಾಯಿತು.

ಮುಂದಿನ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳ ಗಂಟು ಇಳಿಸಿಕೊಡಲು ಕೆಳಗೆ ಇಳಿದೆ. ಮೇಲೆ ಯಾರೋ ಉತ್ಸಾಹಿ ಸೀಟಿ ಹೊಡೆದೇಬಿಟ್ಟ. ಬಸ್ಸು ಹೊರಟಿತು. ನಾನು ರಸ್ತೆಯಲ್ಲಿ ಎರಡೂ ಕೈ ಎತ್ತಿ ಬೀಸಿದೆ, "ಹೋಲ್ಡಾನ್!" ಎಂದು ಕೂಗಿದೆ, ದುಪಟ್ಟಾದೊಳಗೆ ಊದಿದೆ. ಬಸುರಿ ಓಡುವ ಹಾಗಿಲ್ಲ. ಕಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿದರು, ನೋಡಿದ್ದು ನನಗೂ ಕಂಡಿತು. ನೋಡಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಜಾಗ ಇಲ್ಲ, ಹಿಂದಿನ ಗಾಡಿಗೆ ಬಾ ಎಂದು ಸನ್ನೆ ಮಾಡಿ ಹೋಗೇಬಿಟ್ಟರು.

ಒಳಗಿದ್ದವರು ಬಡಿದು ಕೂಗಿ ಗಾಡಿ ನಿಲ್ಲಿಸಿದ ಮೇಲೆ ಕಾಕಾ ಹಿಂದಕ್ಕೆ ತಂದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದಿತ್ತು. "ಕಂಡಕ್ಟರನ್ನ ಬಿಟ್ಟು ಹೋಗ್ತೀರೇನ್ರಿ ಕಾಕಾ?" ಎಂದೆ.

"ಯಾರೋ ಬಸರಿ ಹೆಣಮಗಳು, ಪಾಪ, ಗದ್ಲದಾಗ ಯಾಕ ಹತ್ತಿಸ್ಕೊಳ್ಳೂದು ಅಂತ ಬಿಟ್ಟೆವಾ," ಎಂದರು ಕಾಕಾ. "ನಮ್ಮ ಕಂಡಕ್ಟರಕ್ಕ ಇದ್ದಿದ್ರ ಬೈತಿದ್ಲು."

೫. ನೆರಳು ಎಲ್ಲಿ

ಉಳಿದದ್ದು ನೆರಳು. ಆಗಲೇ ನನಗೆ ಹೊಳೆದದ್ದು, ನನ್ನ ಎಡಗಲ್ಲವೇ ಯಾಕೆ ಹೆಚ್ಚು ಕಪ್ಪಾಯಿತು ಎಂದು. ಕಂಡಕ್ಟರ್ ಸೀಟು ಎಡಕ್ಕೆ, ಬಾಗಿಲಿನ ಹಿಂದೆ. ಬೆಳಗ್ಗೆ ಅಣ್ಣಿಗೇರಿಗೆ ಹೋಗುವಾಗ ಬಸ್ಸಿನ ಮೂತಿ ದಕ್ಷಿಣಕ್ಕೆ, ಬಿಸಿಲು ಎಡಗಡೆ. ಸಂಜೆ ನವಲಗುಂದಕ್ಕೆ ಬರುವಾಗ ಮೂತಿ ಉತ್ತರಕ್ಕೆ, ಆಗ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ಮತ್ತೆ ಎಡಗಡೆಯೇ. ದಾರಿಯಲ್ಲಿ ಎರೆಮಣ್ಣಿನ ಹೊಲ ಬಿಟ್ಟರೆ ಬೇರೇನಿಲ್ಲ, ಅಡ್ಡ ಬರುವಂಥ ಒಂದು ಮರವಿಲ್ಲ. ಬಿಸಿಲಿಗೂ ನನಗೂ ಹಳೆಯ ವೈರ ಇದ್ದಂತಿತ್ತು.

ಸರಿ, ಬಲಗಡೆ ಒಂದು ಸೀಟು ಹಿಡಿದೆ. ಒಂದು ಸುತ್ತು ಟಿಕೆಟ್ ಕೊಟ್ಟು ಬರುವುದರಲ್ಲಿ ಅಲ್ಲಿ ಮೂವರು ಹೆಣ್ಣುಮಕ್ಕಳು ಕೂತಿದ್ದರು. ಮರುದಿನ ಬಲಗಡೆಯ ಇನ್ನೊಂದು ಸೀಟಿಗೆ ಹೋದೆ, ಅಲ್ಲಿಗೂ ಬಂದರು. ಮೂರನೆಯ ದಿನ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. "ಕಂಡಕ್ಟರಕ್ಕ ಎಲ್ಲಿ ಕುಂದರ್ತಾಳ, ನೆರಳು ಅಲ್ಲೇ ಐತಿ ನೋಡ್ರೆ," ಎಂದು ಒಬ್ಬಳು ಸಾರಿಬಿಟ್ಟಿದ್ದಳು. ನಾನು ಎದ್ದ ಕೂಡಲೇ ಆ ಸೀಟಿಗೆ ಟವೆಲ್ಲು, ಚೀಲ, ಕೂಸು ಬೀಳುತ್ತಿದ್ದವು. ನಾನು ಮತ್ತೆ ಎಡಕ್ಕೆ, ಬಿಸಿಲಿಗೆ.

ಒಂದು ದಿನ ನಾನೂ ಹಿಕಮತ್ತು ಮಾಡಿದೆ. ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ, ಎಡಗಡೆ ಕಿಟಕಿಗೆ ಕೂತು, ದುಪಟ್ಟಾ ಬಿಚ್ಚಿ, "ಅಬ್ಬಾ, ಎಷ್ಟ ತಂಪ ಐತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹತ್ತಿದವರೆಲ್ಲ ಎಡಗಡೆಗೇ ನುಗ್ಗಿದರು. ಬಸ್ಸು ಹೊರಟ ಮೇಲೆ ನಾನು ಮೆಲ್ಲಗೆ ಎದ್ದು ಬಲಗಡೆಗೆ ಹೋಗಿ ರಾಣಿಯ ಹಾಗೆ ಕೂತೆ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮುಂದೆ ಸೇತುವೆಯ ಕೆಲಸ, ರಸ್ತೆ ಬಂದ್. ಕಾಕಾ ಗಾಡಿ ತಿರುಗಿಸಿ ಬಂದ ದಾರಿಗೇ ಬಿಟ್ಟರು, ಬೇರೆ ಹಳ್ಳಿ ಸುತ್ತಿ ಹೋಗಬೇಕಿತ್ತು. ಬಿಸಿಲು ಹಾಗೆಯೇ ಬಸ್ಸು ದಾಟಿ ಬಲಗಡೆಗೆ ಬಂದು ನನ್ನ ಮುಖದ ಮೇಲೆ ಬಿತ್ತು. ದುಪಟ್ಟಾ ಎಡಗಡೆಯ ಸೀಟಿನಲ್ಲಿ ಯಾರೋ ಕೂತವರ ಕೆಳಗೆ ಸಿಕ್ಕಿಬಿದ್ದಿತ್ತು.

ಅತ್ತ ಕಡೆಯಿಂದ ಒಬ್ಬ ಅವ್ವ ಕಾಲು ಚಾಚಿಕೊಂಡು ಹೇಳಿದಳು: "ಹೇಳಿದ ಮಾತು ಖರೆ ಆತು ನೋಡವಾ. ಎಷ್ಟ ತಂಪ ಐತಿ ಇಲ್ಲೆ! ನೀ ಯಾಕ ಅಲ್ಲಿ ಹೋಗಿ ಸುಟ್ಕೊಳ್ಳಾಕತ್ತಿ?"

೬. ಅತ್ತೆ ಹತ್ತಿದರು

ಇಷ್ಟೆಲ್ಲ ಮಾಡಿದರೂ ಬಂಗು ಮೂಗಿನ ಕಡೆ ಒಂದಿಷ್ಟು ಸರಿಯಿತು. ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವರು ಸಿಟ್ಟು ಮಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ನಾಳೆ ನಾನೂ ಬರ್ತೀನಿ," ಎಂದರು. "ಎಷ್ಟ ಬಿಸಲು ಬೀಳತೈತಿ ಕಣ್ಣಾರೆ ನೋಡ್ತೀನಿ. ನೋಡಿ ಸಂಜೀಕ ಹೇಳ್ತೀನಿ, ಡ್ಯೂಟಿ ಮಾಡೂದೋ ಬಿಡೂದೋ."

ರಾತ್ರಿಯಿಡೀ ಮಗ್ಗಲು ಬದಲಿಸಿದೆ. ಬೆಳಗ್ಗೆ ಅತ್ತೆ ಕಪ್ಪು ಛತ್ರಿ ಹಿಡಿದು, ಇಳಕಲ್ ಸೀರೆ ಉಟ್ಟು, ತಪಾಸಣೆಗೆ ಬಂದ ಸಾಹೇಬರ ಹಾಗೆ ಬಸ್ಸು ಹತ್ತಿದರು. ನನ್ನ ಸೀಟಿನಲ್ಲೇ ಕಿಟಕಿಯ ಕಡೆ ಕೂತರು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ, ಆದರೆ ಕಾರ್ಡು ತೋರಿಸಬೇಕು. ನಾನು ನಿಯಮದಂತೆ ಕೇಳಿದೆ.

"ಆಧಾರ ಕಾರ್ಡ್ ತೋರಸ್ರಿ ಅತ್ತೀ."

"ಏನು?"

"ಕಾರ್ಡ್ ರಿ. ಇಲ್ಲಂದ್ರ ಟಿಕೆಟ್ ತಗೋಬೇಕಾಗತೈತಿ."

"ನಾ ನಿನ್ನ ಅತ್ತಿ ಅನ್ನೂದಕ್ಕ ಕಾರ್ಡ್ ಬೇಕೇನು?" ಅತ್ತೆಯ ದನಿ ಡ್ರೈವರ್ ತನಕ ಹೋಯಿತು.

"ಅತ್ತಿ ಅನ್ನೂದಕ್ಕ ಬ್ಯಾಡ್ರಿ. ಕರ್ನಾಟಕದಾಕಿ ಅನ್ನೂದಕ್ಕ ಬೇಕ್ರಿ."

ಇಡೀ ಬಸ್ಸು ನಕ್ಕಿತು. ನನ್ನ ಪರ್ಸಿನ ದುಡ್ಡಿನಿಂದಲೇ ಅವರ ಟಿಕೆಟ್ ಹರಿದೆ. ಕೆಲಸ ಹೋಯಿತು ಎಂದು ಅಲ್ಲಿಯೇ ಖಾತ್ರಿ ಮಾಡಿಕೊಂಡೆ.

ಎಡಗಡೆ ಬಿಸಿಲು ಬಿದ್ದದ್ದೇ ತಡ, ಅತ್ತೆ ಬಸ್ಸಿನೊಳಗೇ ಛತ್ರಿ ಬಿಚ್ಚಿದರು. ಛತ್ರಿಯ ಕಡ್ಡಿ ಮುಂದಿನವರ ತಲೆಯ ರುಮಾಲಿಗೆ ಸಿಕ್ಕಿತು. ಅವರು ಇಳಿಯಲು ಎದ್ದರೆ ರುಮಾಲು ಛತ್ರಿಯಲ್ಲೇ ಉಳಿಯಿತು. ಆ ಜಗಳ ಬಿಡಿಸುವಷ್ಟರಲ್ಲಿ ಮುಂದಿನ ಹಳ್ಳಿ ಬಂತು, ಅಲ್ಲಿ ಹತ್ತಿದವರಲ್ಲಿ ಒಬ್ಬಾಕೆ ಅತ್ತೆಯ ತವರಿನವಳು. ಕುಂದಗೋಳದ ಒಂದೇ ಓಣಿಯಲ್ಲಿ ಆಡಿ ಬೆಳೆದವರು, ಮದುವೆಯಾದ ಮೇಲೆ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ. "ಅಯ್ಯ, ನೀನ ಏನ!" ಎಂದು ಇಬ್ಬರೂ ಕೈ ಹಿಡಿದುಕೊಂಡು ಅತ್ತರು, ಆಮೇಲೆ ನಕ್ಕರು, ಆಮೇಲೆ ಬಸ್ಸಿಗೆಲ್ಲ ಕೇಳುವಂತೆ ಓಣಿಯವರ ಸುದ್ದಿ ಶುರು ಮಾಡಿದರು. ಅವಳು ಇಳಿದ ಮೇಲೆ ಅತ್ತೆ ಬೇರೆಯವರನ್ನು ಮಾತಿಗೆಳೆದರು. ನನಗೆ ಬಿಸಿಲು ತಾಗದಂತೆ ಛತ್ರಿಯನ್ನು ನನ್ನ ಕಡೆ ಓರೆ ಮಾಡಿ ಹಿಡಿದು, ತಾವು ಮಾತ್ರ ಮುಖವನ್ನು ಕಿಟಕಿಯ ಹೊರಗೆ ಹಾಕಿ ಪ್ರತಿ ಸ್ಟಾಪಿನಲ್ಲೂ, "ಲಗೂ ಬರ್ರಿ, ಆಮ್ಯಾಲ ನಮ್ಮ ಸೊಸಿ ಬೈತಾಳ" ಎಂದು ಕೂಗುತ್ತಿದ್ದರು.

ಅವರನ್ನು ಹೀಗೆ ನಾನು ಯಾವತ್ತೂ ನೋಡಿರಲಿಲ್ಲ. ಮನೆ ಬಿಟ್ಟರೆ ಮದುವೆ, ಮದುವೆ ಬಿಟ್ಟರೆ ದವಾಖಾನೆ, ಅವರ ಓಡಾಟ ಅಷ್ಟೇ. ನನಗೆ ಎರಡು ತಿಂಗಳು ಕೂಡುವುದೇ ಕಷ್ಟ ಎನಿಸಿತ್ತು, ಅವರು ಇಡೀ ಸಂಸಾರದುದ್ದಕ್ಕೂ ಕೂತಿದ್ದರು.

ಸಂಜೆ ಮನೆಯಲ್ಲಿ ತೀರ್ಪು. ಗಂಡ ಹೊಸ್ತಿಲಲ್ಲಿ ನಿಂತಿದ್ದರು, ಈ ಸಲ ಏನೂ ಅನ್ನದೆ. ಅತ್ತೆ ನೀರು ಕುಡಿದರು, ಕಾಲು ಚಾಚಿದರು.

"ಬಿಸಲು ಬಾಳ ಐತಿ," ಎಂದರು. "ಇಷ್ಟ ಬಿಸಲಾಗ ಬಸರ್ಯಾಕಿನ್ನ ಒಬ್ಬಾಕಿನ್ನ ಕಳಸೂದು ಸರಿ ಅಲ್ಲ. ಛತ್ರಿ ಹಿಡ್ಯಾಕ ಒಬ್ಬರು ಬೇಕ ಬೇಕು." ಆಮೇಲೆ ಕೇಳಿದರು: "ನಾಳೆ ಗಾಡಿ ಎಷ್ಟಕ್ಕ ಬಿಡ್ತೈತಿ?"

ಅಂದಿನಿಂದ ಕುಬಸದ ತನಕ ಅತ್ತೆ ಒಂದು ಟ್ರಿಪ್ಪೂ ತಪ್ಪಿಸಲಿಲ್ಲ. ಕಾರ್ಡನ್ನು ಕೊರಳಿಗೆ ದಾರ ಹಾಕಿ ಕಟ್ಟಿಕೊಂಡರು. ನಾನು ಟಿಕೆಟ್ ಕೊಡುತ್ತಿದ್ದರೆ ಅವರು ಕೂತಲ್ಲಿಂದಲೇ ಜನರನ್ನು ಹಿಂದಕ್ಕೆ ಸರಿಸುತ್ತಿದ್ದರು. ನಿಮಗೂ ಕ್ರೀಮ್ ಹಚ್ಚುತ್ತೇನೆ ಎಂದರೆ, "ನಾ ಏನ ಬಸರೇನು?" ಎಂದು ಕೈ ಕೊಡವಿದರು.

ಕುಬಸದ ದಿನ ಬಂತು. ಹಸಿರು ಸೀರೆ, ಮೊಳಕೈ ತನಕ ಹಸಿರು ಬಳೆ, ನಡುಮನೆಯಲ್ಲಿ ನನ್ನನ್ನು ಕೂಡಿಸಿದ್ದರು. ತವರಿನಿಂದ ಬಂದ ನನ್ನ ಚಿಗವ್ವ, ಕಲಘಟಗಿಯಾಕೆ, ಉಡಿ ತುಂಬುವ ಮೊದಲು ನನ್ನ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. ಅತ್ತೆ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತರು.

"ಒಂದೀಟು ಬಂಗು ಬಂದೈತಿ. ಬರತೈತಿ ಬಿಡು, ನನಗೂ ಬಂದಿತ್ತು," ಎಂದಳು ಚಿಗವ್ವ. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಅವಳ ಕಣ್ಣು ಅತ್ತೆಯ ಮೇಲೆ ಬಿತ್ತು, ಅಲ್ಲೇ ನಿಂತಿತು.

"ಅಯ್ಯ ಶಿವನ! ಬೀಗತೀ, ನಿಮ್ಮ ಮಾರಿ ಏನಾತ್ರಿ? ಬಲಗಡೆ ಸರಿ ಐತಿ, ಎಡಗಡೆ ಅಷ್ಟ ಸುಟ್ಟ ರೊಟ್ಟಿ ಆಗೈತಲ್ರಿ!"

ಮನೆಯ ತುಂಬ ಇದ್ದ ಹೆಣ್ಣುಮಕ್ಕಳೆಲ್ಲ ಅತ್ತೆಯ ಕಡೆ ತಿರುಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಮಾತ್ರ ಚೂರೂ ಅಳುಕಲಿಲ್ಲ. ಆರತಿ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿ, ಸೆರಗು ಸರಿಮಾಡಿಕೊಂಡು ಹೇಳಿದರು:

"ಏನ ಮಾಡೂದ್ರಿ ಬೀಗತೀ, ನಮ್ಮ ಡ್ಯೂಟೀನ ಹಂಥಾದ್ದು."